ಸದ್ದಲೇ, ಪರಾಕ್: ದೇವರಗುಡ್ಡದ ಕಾರಣಿಕವನ್ನು ಕೇಳುವ ಬಗೆ



ಗುಡ್ಡ ಹತ್ತಿ ದರ್ಶನ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡು, ಕಾಯಿ ಒಡೆಸಿ ಊರಿಗೆ ಹೊರಡುವ ಮುನ್ನ ಒಂದು ಗಳಿಗೆ ಕಟ್ಟೆಯ ಮೇಲೆ ಕುಳಿತು ಈ ಪಾಠವನ್ನು ಓದಿರಿ. ಓದಲು ಬಾರದ ಹಿರಿಯರು ಜೊತೆಗಿದ್ದರೆ ಅವರಿಗೂ ಓದಿ ಹೇಳಿರಿ. ಈ ಕ್ಷೇತ್ರದ ಕಾರಣಿಕದ ಬಗ್ಗೆ ಕೇಳದವರಿಲ್ಲ. ಆದರೆ ಅದನ್ನು ಹೇಗೆ ಕೇಳಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆಯಾಗಿದ್ದಾರೆ.

1. ಕ್ಷೇತ್ರ ಪರಿಚಯ

ದೇವರಗುಡ್ಡವು ಹಾವೇರಿ ಜಿಲ್ಲೆ ರಾಣೇಬೆನ್ನೂರು ತಾಲೂಕಿನಲ್ಲಿದೆ. ಗುಡ್ಡದ ಗುಡ್ಡಾಪುರ ಎಂಬುದು ಇದರ ಇನ್ನೊಂದು ಹೆಸರು. 1997ರಲ್ಲಿ ಹಾವೇರಿ ಜಿಲ್ಲೆ ಆಗುವ ತನಕ ಇದು ಧಾರವಾಡ ಜಿಲ್ಲೆಯಲ್ಲಿತ್ತು. ಹುಬ್ಬಳ್ಳಿ–ದಾವಣಗೆರೆ ರೈಲು ಮಾರ್ಗದಲ್ಲಿ ದೇವರಗುಡ್ಡ ಎಂಬ ಹೆಸರಿನ ನಿಲ್ದಾಣವೇ ಇದೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹತ್ತಬೇಕು. ಹೆದ್ದಾರಿಯಿಂದ ಬರುವವರಿಗೆ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ದಾರಿಯ ಊರುಗಳು. ಮೋಟೆಬೆನ್ನೂರು ಕಡೆಯವರಿಗೆ ಇದು ದೂರದ ಯಾತ್ರೆಯಲ್ಲ. ಬೆಳಗಿನಾಗ ಹೊಲದ ಕೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು ಬಂದು ಹೋಗುವ ಮನೆದೇವರ ಗುಡ್ಡ.

ಹೆಸರು ಹತ್ತಿರವಿರುವುದರಿಂದ ಕೆಲವರು ಇದನ್ನು ದೇವರಗಟ್ಟು ಎಂದು ತಪ್ಪು ತಿಳಿಯುತ್ತಾರೆ. ದಸರಾ ರಾತ್ರಿ ಬಡಿಗೆ ಹಿಡಿದು ಬನ್ನಿ ಉತ್ಸವ ನಡೆಯುವ ದೇವರಗಟ್ಟು ಇರುವುದು ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ. ಅಲ್ಲಿಯ ದೇವರು ಮಾಳ ಮಲ್ಲೇಶ್ವರ. ದೇವರು ಒಂದೇ ಬಳಗದವನು, ಊರು ಬೇರೆ, ಆಚರಣೆ ಬೇರೆ.

2. ಏಳುಕೋಟಿಯ ದೇವರು

ಮಣಿಕಾಸುರ, ಮಲ್ಲಾಸುರ ಎಂಬ ಇಬ್ಬರು ದೈತ್ಯರು ವರದ ಬಲದಿಂದ ಕೊಬ್ಬಿ ಋಷಿಗಳ ತಪಸ್ಸನ್ನು ಕೆಡಿಸುತ್ತಿದ್ದರು. ಋಷಿಗಳ ಮೊರೆ ಕೇಳಿ ಶಿವನು ಮಾರ್ತಾಂಡ ಭೈರವನಾಗಿ ಏಳು ಕೋಟಿ ಸೈನ್ಯದೊಂದಿಗೆ ಭೂಮಿಗೆ ಬಂದು ಅವರನ್ನು ಸಂಹರಿಸಿದನು. ಮಲ್ಲನ ಅರಿ ಆದ್ದರಿಂದ ಮಲ್ಲಾರಿ. ಅವನೇ ಮೈಲಾರಲಿಂಗ, ಅವನೇ ಮಾಲತೇಶ. ಮಹಾರಾಷ್ಟ್ರದ ಜೇಜುರಿ ಗುಡ್ಡದಲ್ಲಿ ಅವನೇ ಖಂಡೋಬಾ, ತೆಲಂಗಾಣದ ಕೊಮುರವೆಲ್ಲಿಯಲ್ಲಿ ಮಲ್ಲಣ್ಣ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಕನ್ನಡ, ಮರಾಠಿ, ತೆಲುಗು ನಾಡುಗಳ ಈ ದೇವರುಗಳನ್ನು ಒಟ್ಟಿಗೆ ಇಟ್ಟುಕೊಂಡು ಬಹುಕಾಲ ಅಧ್ಯಯನ ಮಾಡಿದ್ದಾರೆ. ಮೂರು ಭಾಷೆಯ ಕುರಿಗಾರರು, ರೈತರು ಒಂದೇ ಹಳದಿ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ ಎಂಬುದು ಸಣ್ಣ ಮಾತಲ್ಲ.

ಈ ಪುರಾಣದಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಲಯಕರ್ತನಾದ ಶಿವನಿಗೆ ಇಬ್ಬರು ದೈತ್ಯರನ್ನು ಕೊಲ್ಲಲು ಸೈನ್ಯ ಬೇಕಿರಲಿಲ್ಲ. ಆದರೂ ಏಳು ಕೋಟಿಯನ್ನು ಕರೆದುಕೊಂಡು ಬಂದ. ನಾವು "ಏಳುಕೋಟಿ ಏಳುಕೋಟಿ" ಎಂದು ಉಘೇ ಹಾಕುವಾಗ ಕೂಗುವುದು ದೇವರ ಒಬ್ಬನ ಹೆಸರನ್ನಲ್ಲ, ಅವನ ಜೊತೆ ಬಂದ ಮಂದಿಯ ಲೆಕ್ಕವನ್ನು. ಆ ಲೆಕ್ಕದಲ್ಲಿ ನಾವೂ ಇದ್ದೇವೆ. ದೇವರು ಮಾಡಲಿ, ನಾವು ನೋಡೋಣ ಎನ್ನುವ ಭಕ್ತಿ ಇಲ್ಲಿಯದಲ್ಲ.

ಗೊರವಯ್ಯಗಳನ್ನು ನೋಡಿರಿ. ಕರಿ ಕಂಬಳಿಯ ನಿಲುವಂಗಿ, ಹೆಗಲಿಗೆ ಭಂಡಾರದ ಚೀಲ, ಕೈಯಲ್ಲಿ ಡಮರುಗ, ಕೊರಳಲ್ಲಿ ಕವಡೆ ಸರ. ದೋಣಿ ಸೇವೆಯ ಹೊತ್ತಿಗೆ ಅವರು ನಾಯಿಯಂತೆ ಬೊಗಳುತ್ತ ದೋಣಿಯಲ್ಲಿಯ ಹಾಲು, ತುಪ್ಪ, ಬಾಳೆಹಣ್ಣುಗಳನ್ನು ಬಾಯಿ ಹಚ್ಚಿ ಉಣ್ಣುತ್ತಾರೆ. ಹೊಸಬರು ನೋಡಿ ನಗುವುದುಂಟು. ನಗಬಾರದು. ನಾಯಿ ಎಂದರೆ ಒಡೆಯನ ಮನೆಯನ್ನು ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವ ಪ್ರಾಣಿ. ಆ ಎಚ್ಚರವೇ ಮುಂದಿನ ಪಾಠದ ವಿಷಯ.

3. ಕಾರಣಿಕ ನಡೆಯುವ ಬಗೆ

ದೇವರಗುಡ್ಡದ ಕಾರಣಿಕ ಮಹಾನವಮಿಯ ಕಾಲದಲ್ಲಿ, ಆಯುಧಪೂಜೆಯ ದಿನ ನಡೆಯುತ್ತದೆ. ಹಳ್ಳಿಯ ಬಾಯಲ್ಲಿ ಇದು ಕಾರ್ಣೀಕ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಕೆಳಗೆ ಕಣ್ಣು ಹಾಯಿಸಿದಷ್ಟೂ ಮಂದಿ. ಡೊಳ್ಳು, ಡಮರುಗ, ಉಘೇ, ಮಕ್ಕಳ ಅಳು, ಪೀಪಿಯ ಸದ್ದು. ಬಿಲ್ಲಿನ ತುದಿಯಿಂದ ಅವನು "ಸದ್ದಲೇ" ಎನ್ನುತ್ತಾನೆ. ಅಷ್ಟೂ ಮಂದಿ ಒಮ್ಮೆಲೇ ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಒಂದು ಮಾತು. ಆ ಮಾತಿನ ಕೊನೆಗೆ "ಪರಾಕ್". ಅಷ್ಟಾದೊಡನೆ ಗೊರವಯ್ಯ ಮೇಲಿಂದ ಬೀಳುತ್ತಾನೆ, ಕೆಳಗಿನ ಭಕ್ತರು ಹಿಡಿದುಕೊಳ್ಳುತ್ತಾರೆ.

ಇಂಥದೇ ಕಾರಣಿಕ ತುಂಗಭದ್ರೆಯ ಆಚೆ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಮಾಘ ಮಾಸದ ಭರತ ಹುಣ್ಣಿಮೆಯ ತರುವಾಯ ನಡೆಯುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ.

ಎರಡೂ ಕಾರಣಿಕಗಳ ಕಾಲವನ್ನು ರೈತನ ಕಣ್ಣಿನಿಂದ ನೋಡಿರಿ. ಮಹಾನವಮಿ ಬರುವಾಗ ಮುಂಗಾರಿ ಪೀಕು ಕೈಗೆ ಬರುವ ಹೊತ್ತು. ಹಸ್ತ, ಚಿತ್ತೆ ಮಳೆಯ ನಿರೀಕ್ಷೆ. ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತಬೇಕೋ ಬೇಡವೋ ಎಂಬ ಲೆಕ್ಕ. ಮೆಣಸಿನಗಿಡಕ್ಕೆ ಇನ್ನೊಂದು ಮಳೆ ಬೇಕು. ಭರತ ಹುಣ್ಣಿಮೆ ಬರುವಾಗ ಕಾಳು ಮನೆಗೆ ಬಂದಿರುತ್ತದೆ, ಒಣಮೆಣಸಿನಕಾಯಿ ಚೀಲ ಬ್ಯಾಡಗಿ ಪೇಟೆಗೆ ಹೊರಟಿರುತ್ತವೆ. ಈಗ ಮಾರುವುದೋ ಇಡುವುದೋ, ಸಾಲ ತೀರಿಸುವುದೋ ಮಗಳ ಮದುವೆ ಮಾಡುವುದೋ. ಅಂದರೆ ರೈತನು ಏನನ್ನಾದರೂ ನಿರ್ಧರಿಸಲೇಬೇಕಾದ ಎರಡು ಹೊಸ್ತಿಲುಗಳ ಮೇಲೆ ಎರಡು ಕಾರಣಿಕಗಳು ನಿಂತಿವೆ. ಆದುದರಿಂದಲೇ ಆ ಒಂದು ಮಾತಿಗೆ ಅಷ್ಟು ಕಿವಿ.

4. ಒಂದು ಅಕ್ಷರದ ವ್ಯತ್ಯಾಸ

ಈಗ ಮುಖ್ಯ ಪಾಠಕ್ಕೆ ಬರೋಣ. ಹೈಸ್ಕೂಲಿನಲ್ಲಿ ಕಲಿತ ವ್ಯಾಕರಣವನ್ನು ನೆನಪು ಮಾಡಿಕೊಳ್ಳಿರಿ. "ಮಳೆ ಬಂದಿತು" ಎಂದರೆ ಭೂತಕಾಲ, ಆಗಿಹೋದ ಸಂಗತಿ. "ಮಳೆ ಬಂದೀತು" ಎಂದರೆ ಸಂಭಾವನೆ. ಬರಬಹುದು, ಬಾರದೆಯೂ ಇರಬಹುದು, ತಯಾರಿರು ಎಂದರ್ಥ. ಎರಡಕ್ಕೂ ನಡುವೆ ಇರುವುದು ಒಂದು ದೀರ್ಘ.

2025ರ ಫೆಬ್ರವರಿಯಲ್ಲಿ ಮೈಲಾರದ ಕಾರಣಿಕ "ತುಂಬಿದ ಕೊಡ ತುಳುಕಿತಲೇ ಪರಾಕ್" ಎಂದು ಪತ್ರಿಕೆಗಳಲ್ಲಿ ಬಂತು. ತುಳುಕಿತು ಎಂದು ಓದಿದರೆ ಕೊಡ ತುಳುಕಿಯೇ ಹೋಯಿತು, ಇನ್ನು ಮಾಡುವುದೇನೂ ಉಳಿದಿಲ್ಲ. ತುಳುಕೀತು ಎಂದು ಕೇಳಿಸಿಕೊಂಡರೆ ಕೊಡ ತುಂಬಿದೆ, ತಲೆಯ ಮೇಲಿದೆ, ನಡಿಗೆ ಹದವಾಗಿರಲಿ, ಇಲ್ಲದಿದ್ದರೆ ತುಳುಕೀತು ಎಂಬ ತಾಯಿಯ ಎಚ್ಚರಿಕೆ. ನೀರು ತರುವ ಮಗಳಿಗೆ ತಾಯಿ ಹೇಳುವುದು ಇದೇ ಮಾತಲ್ಲವೆ? "ನೋಡಿ ನಡಿಯವ್ವಾ, ತುಳುಕೀತು" ಅಂತಾಳೆ. ಹೊಳೆ ಕೆರೆ ತುಂಬುತ್ತವೆ, ಒಳ್ಳೇ ಮಳೆ ಎಂದು ಸಂತೋಷಪಟ್ಟವರೂ ಇದ್ದರು. ಅದೇ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಲಬುರಗಿ, ಬೀದರ, ಯಾದಗಿರಿ ಕಡೆ ಅತಿವೃಷ್ಟಿಯಿಂದ ನಿಂತ ಪೀಕು ನೀರಿನಲ್ಲಿ ಕೊಳೆಯಿತು. ಆದ ಮೇಲೆ ಹೊಂದಿಸಿ ಹೇಳುವುದು ಯಾರಿಗೂ ಸುಲಭ. ಅದರಿಂದ ಕಾರಣಿಕ ನಿಜವಾಯಿತು ಎಂದು ನಾವು ಬೀಗಬೇಕಾಗಿಲ್ಲ. ಕೊಡ ತುಂಬಿದಾಗ ಹೇಗೆ ನಡೆಯಬೇಕು ಎಂದು ಮೊದಲೇ ಯೋಚಿಸಿದೆವೋ ಇಲ್ಲವೋ, ಕೇಳಿಕೊಳ್ಳಬೇಕಾದದ್ದು ಅಷ್ಟೇ.

ಇನ್ನೊಂದು ಉದಾಹರಣೆ. 2023ರ ಫೆಬ್ರವರಿಯಲ್ಲಿ ಮೈಲಾರದಲ್ಲಿ ಆದ ಕಾರಣಿಕ "ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್". ಮುಂದೆ ಮೂರು ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು. ಹಾಗಾಗಿ ಯಾರ ಅಂಬಲಿ, ಯಾರ ಕಂಬಳಿ ಎಂದು ಚಹಾದ ಅಂಗಡಿಯಿಂದ ಹಿಡಿದು ಟೀವಿಯ ತನಕ ಚರ್ಚೆಯೇ ಚರ್ಚೆ. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಬಲಿ ಬಡವನ ಊಟ, ಕಂಬಳಿ ಬಡವನ ಹೊದಿಕೆ. ಅಂಬಲಿ ಹಳಸೀತು, ಜೋಪಾನ ಎಂಬ ಮಾತಿನೊಳಗೆ ನಮ್ಮ ಮನೆಯ ಗಡಿಗೆ ಇತ್ತು. ನಾವು ವಿಧಾನಸೌಧ ನೋಡಿದೆವು.

ಕಾರಣಿಕವನ್ನು ಇತು ಎಂದು ಕೇಳಿದವನು ಫಲ ಕಾಯುತ್ತ ಕೂಡುತ್ತಾನೆ. ಈತು ಎಂದು ಕೇಳಿದವನು ಎದ್ದು ಕೆಲಸಕ್ಕೆ ಹತ್ತುತ್ತಾನೆ. ಬಿಲ್ಲಿನ ಮೇಲಿಂದ ಜೋರಾಗಿ ಕೂಗಿ ಎಳೆದು ಹೇಳುವಾಗ ಹ್ರಸ್ವ ಯಾವುದು, ದೀರ್ಘ ಯಾವುದು ಎಂದು ಕಿವಿಗೆ ತಿಳಿಯುವುದು ಕಷ್ಟ. ಆದರೆ ದೇವರು ಇನ್ನೊಂದು ಗುರುತು ಕೊಟ್ಟಿದ್ದಾನೆ. ಅದೇ ಕೊನೆಯ ಮಾತು, ಪರಾಕ್. ಹಿಂದೆ ಅರಮನೆಯಲ್ಲಿ ಅರಸರು ಬರುವಾಗ ವಂದಿಮಾಗಧರು "ಬಹುಪರಾಕ್" ಎಂದು ಕೂಗುತ್ತಿದ್ದರು. ಗಮನವಿರಲಿ, ಎಚ್ಚರವಿರಲಿ ಎಂಬ ಕೂಗು ಅದು. ಸದ್ದಲೇ ಎಂದರೆ ಸುಮ್ಮನಾಗು. ಪರಾಕ್ ಎಂದರೆ ಎಚ್ಚರಾಗು. ನಡುವಿನ ಮಾತು ವರ್ಷ ವರ್ಷ ಬದಲಾಗುತ್ತದೆ, ಈ ಎರಡು ಮಾತು ಬದಲಾಗುವುದಿಲ್ಲ. ಬದಲಾಗದೆ ಇರುವುದನ್ನು ಮೊದಲು ಕಲಿಯಬೇಕು.

5. ಒಂದು ಮನೆಯ ಅನುಭವ

ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ತಪ್ಪಾಗಲಾರದು. ಆಗ ನಾನು ಸಾಲಿಗೆ ಹೋಗುವ ಹುಡುಗ. ಅಪ್ಪ, ದೊಡ್ಡಪ್ಪ ಒಂದೇ ಚಕ್ಕಡಿಯಲ್ಲಿ ಗುಡ್ಡಕ್ಕೆ ಬಂದು ಕಾರಣಿಕ ಕೇಳಿದರು. ಒಂದೇ ಕಡೆ ನಿಂತಿದ್ದರು, ಒಂದೇ ಮಾತು ಕೇಳಿದ್ದರು. ತಿರುಗಿ ಹೋಗುವಾಗ ದಾರಿಯುದ್ದ ವಾದ.

"ಆತು ಅಂದಾನಲೇ ತಮ್ಮಾ, ಆತು ಅಂದ್ರ ಆತು. ಹಿಂಗಾರಿ ಮಳಿ ಗಟ್ಟಿ" ಅಂದರು ದೊಡ್ಡಪ್ಪ.

"ಯಣ್ಣಾ, ನನಗ ಆದೀತು ಅಂದಂಗ ಕೇಳಿಸ್ತು" ಅಂದ ಅಪ್ಪ.

"ದೇವರ ಮಾತಿನ್ಯಾಗ ಅಡ್ಡಗಾಲು ಹಾಕಬ್ಯಾಡ."

"ಅಡ್ಡಗಾಲಲ್ಲೋ ಯಣ್ಣಾ. ದೇವರು ಖಾತ್ರಿ ಬರಕೊಡಂಗಿಲ್ಲ, ಎಚ್ಚರ ಕೊಡ್ತಾನ."

ದೊಡ್ಡಪ್ಪ ಬಡ್ಡಿ ಸಾಲ ತಂದು ಇದ್ದ ಹೊಲವನ್ನೆಲ್ಲ ಬಿತ್ತಿದರು. ಅಪ್ಪ ಅರ್ಧ ಬಿತ್ತಿ, ಉಳಿದ ಬೀಜವನ್ನು ಹಗೇವಿನಲ್ಲಿ ಇಟ್ಟ. ಊರಲ್ಲಿ ಅಪ್ಪನಿಗೆ ಅಂಜುಬುರುಕ ಅಂತ ಹೆಸರು ಬಂತು. ಚಿತ್ತೆ ಮಳೆ ಒಂದು ಹದ ಆಗಿ ನಿಂತೇಬಿಟ್ಟಿತು, ಸ್ವಾತಿ ಬರಲೇ ಇಲ್ಲ. ಯುಗಾದಿಯ ಹೊತ್ತಿಗೆ ದೊಡ್ಡಪ್ಪನ ಎತ್ತಿನ ಜೋಡಿ ಸಂತೆಗೆ ಹೋಯಿತು. ಆ ವರ್ಷ ಎರಡೂ ಮನೆಯವರು ಅಪ್ಪ ಇಟ್ಟ ಬೀಜದ ಜೋಳವನ್ನೇ ಬೀಸಿ ಉಂಡೆವು. ಅದನ್ನು ಅಪ್ಪ ಒಂದು ದಿನವೂ ಆಡಿ ತೋರಿಸಲಿಲ್ಲ.

ಮರುವರ್ಷ ಮಹಾನವಮಿಗೆ ದೊಡ್ಡಪ್ಪ ಬರುವುದಿಲ್ಲ ಎಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಚಕ್ಕಡಿ ಹತ್ತಿ ಕುಳಿತಿದ್ದರು. "ದೇವರ ಮ್ಯಾಲ ಸಿಟ್ಟಿಲ್ಲೇನೋ ಯಣ್ಣಾ?" ಎಂದು ಅಪ್ಪ ಕೇಳಿದ್ದಕ್ಕೆ, "ಅಂವಾ ಹೇಳಿದ್ದು ಅಂವನ ಬಾಯಿ, ನಾ ಕೇಳಿದ್ದು ನನ್ನ ಕಿವಿ. ಕಿವಿ ನನ್ನ ಆಸೆ ಮಾತು ಕೇಳಿತ್ತು" ಅಂದರು. ಈ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

6. ಕೇಳುವಾಗ ಪಾಲಿಸಬೇಕಾದದ್ದು

ಮೊದಲನೆಯದು, ಸುಮ್ಮನಾಗುವುದು. ಸದ್ದಲೇ ಎಂದಾಗ ಬಾಯಿ ಸುಮ್ಮನಾದರೆ ಸಾಲದು, ಒಳಗಿನ ಆಸೆ ಕೂಡ ಸುಮ್ಮನಾಗಬೇಕು. ಇಂಥದೇ ಬೇಕು ಎಂದು ಮೊದಲೇ ತೀರ್ಮಾನ ಮಾಡಿ ಬಂದವನ ಕಿವಿಗೆ ಬೀಳುವುದು ಅವನದೇ ಧ್ವನಿ. ಈಗ ಕೈಯಲ್ಲೆಲ್ಲ ಮೊಬೈಲ್. ಕಾರಣಿಕವನ್ನು ಹಿಡಿದುಕೊಳ್ಳುವ ಆತುರದಲ್ಲಿ ಕೇಳುವುದೇ ಬಿಟ್ಟುಹೋಗುತ್ತದೆ. ಆ ಒಂದು ಗಳಿಗೆ ಅದನ್ನು ಜೇಬಿನಲ್ಲಿ ಇಡಿರಿ.

ಎರಡನೆಯದು, ಒಬ್ಬರೇ ಅರ್ಥ ಕಟ್ಟಬಾರದು. ಕಾರಣಿಕವನ್ನು ಒಬ್ಬನ ಕಿವಿಯಲ್ಲಿ ಹೇಳುವುದಿಲ್ಲ, ಏಳುಕೋಟಿಯ ಮುಂದೆ ಹೇಳಲಾಗುತ್ತದೆ. ಮನೆಗೆ ಹೋಗಿ ಹಿರಿಯರು, ಹೆಣ್ಣುಮಕ್ಕಳು ಸಹಿತ ಕುಳಿತು ಮಾತಾಡಿರಿ. ಕಣಜದಲ್ಲಿ ಎಷ್ಟಿದೆ, ಸಾಲ ಎಷ್ಟಿದೆ ಎಂಬುದು ಗಂಡಸರಿಗಿಂತ ಅಡುಗೆಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೂರನೆಯದು, ಕಾರಣಿಕದ ಮೇಲೆ ಸಾಲ ಮಾಡಬಾರದು, ಪಂಥ ಕಟ್ಟಬಾರದು. ಕಾರಣಿಕ ಹೀಗಾಗಿದೆ, ದರ ಏರುತ್ತದೆ, ಮಾಲು ಇಟ್ಟುಕೋ ಎಂದು ಯಾರಾದರೂ ಹೇಳಿದರೆ ಅದು ಅವರ ವ್ಯಾಪಾರದ ಮಾತು, ಮಾಲತೇಶನ ಮಾತಲ್ಲ. ಹವಾಮಾನ ಇಲಾಖೆಯ ವರದಿ, ಕೃಷಿ ಇಲಾಖೆಯವರ ಸಲಹೆ ಕೇಳುವುದು ದೇವರಿಗೆ ಅಪಚಾರವಲ್ಲ. ಎಚ್ಚರವಿರು ಎಂದವನು ಕಣ್ಣು ಮುಚ್ಚು ಎಂದು ಹೇಳಿಲ್ಲ.

ನಾಲ್ಕನೆಯದು, ಕೆಟ್ಟ ಮಾತು ಎಂದು ಹೆದರಬಾರದು. ಹಳಸೀತು, ತುಳುಕೀತು, ಮುರಿದೀತು ಎಂಬುವು ಶಾಪವಲ್ಲ. ಕತ್ತಲಲ್ಲಿ ತಗ್ಗು ಇದ್ದಲ್ಲಿ ಹಿರಿಯರು ಕೈ ಹಿಡಿದು "ಬಿದ್ದೀಯೋ" ಅಂತಾರಲ್ಲ, ಆ ಜಾತಿಯ ಮಾತು.

7. ಎಚ್ಚರವಿದ್ದ ಒಬ್ಬ ಮಗ

ಎಚ್ಚರವಾಗಿರುವುದೆಂದರೆ ಹೆದರಿ ಕೈಕಟ್ಟಿ ಕೂಡುವುದಲ್ಲ. ಇದಕ್ಕೆ ದೂರದ ಉದಾಹರಣೆ ಬೇಡ. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮಹದೇವಪ್ಪನವರ ಮನೆತನದ ಹೆಸರು ಮೈಲಾರ, ತಂದೆಯ ಹೆಸರು ಮಾರ್ತಾಂಡಪ್ಪ. ಎರಡೂ ಈ ದೇವರ ಹೆಸರುಗಳೇ. 1930ರಲ್ಲಿ ಗಾಂಧೀಜಿಯವರ ದಂಡಿಯಾತ್ರೆಗೆ ಕರ್ನಾಟಕದಿಂದ ಹೆಜ್ಜೆ ಹಾಕಿದ ತರುಣ ಇವರೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರ್ಕಾರ ರೈತರಿಂದ ವಸೂಲು ಮಾಡಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು.

ಸ್ವಾತಂತ್ರ್ಯ ಬಂದೀತೋ ಬಾರದೋ ಎಂದು ಅವರಿಗೆ ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಅದು ಬಂದದ್ದು ನಾಲ್ಕು ವರ್ಷದ ಮೇಲೆ, 1947ರಲ್ಲಿ. ಬಂದಿತು ಎಂದು ಕೇಳುವ ಭಾಗ್ಯ ಅವರಿಗಿರಲಿಲ್ಲ. ಬಂದೀತು ಎಂಬ ನಂಬಿಕೆಯ ಮೇಲೆಯೇ ನಡೆದರು. ಏಳುಕೋಟಿಯಲ್ಲಿ ಒಬ್ಬನಾಗುವುದೆಂದರೆ ಇದು. ಹೆದ್ದಾರಿಯಲ್ಲಿ ಮೋಟೆಬೆನ್ನೂರು ದಾಟುವಾಗ ಒಂದು ಗಳಿಗೆ ಅವರನ್ನು ನೆನೆದರೆ ಯಾತ್ರೆಯ ಫಲ ಕಡಿಮೆಯಾಗುವುದಿಲ್ಲ.

ಮನನಕ್ಕೆ ಪ್ರಶ್ನೆಗಳು

(1) ನಾನು ಈ ಸಲ ದೇವರ ಮುಂದೆ ಏನನ್ನು ಬೇಡಿದೆ? ಅದಕ್ಕಾಗಿ ನಾನು ಮಾಡಬೇಕಾದ ಕೆಲಸ ಯಾವುದು?

(2) ಹಿಂದಿನ ವರ್ಷದ ಕಾರಣಿಕವನ್ನು ನಾನು ಯಾರಿಗೆ ಹೊಂದಿಸಿದೆ? ನನ್ನ ಮನೆಗೆ ಹೊಂದಿಸಿ ನೋಡಿದೆನೇ?

(3) ನನ್ನ ಮನೆಯಲ್ಲಿ ಈಗ ತುಂಬಿರುವ ಕೊಡ ಯಾವುದು? ಹಳಸುತ್ತಿರುವ ಅಂಬಲಿ ಯಾವುದು?

(4) ದಿನಕ್ಕೆ ಒಂದು ಸಲವಾದರೂ ನನಗೆ ನಾನೇ ಸದ್ದಲೇ ಎಂದು ಹೇಳಿಕೊಳ್ಳುತ್ತೇನೆಯೇ?

ಭಂಡಾರದ ಪೊಟ್ಟಣವನ್ನು ಮನೆಗೆ ಒಯ್ದು ಜಗಲಿಯ ಮೇಲೆ ಇಡುವಿರಿ. ಬರಲಾರದ ಮುಪ್ಪಿನವರಿಗೆ, ಬಾಣಂತಿಯರಿಗೆ, ನೆರೆಮನೆಯವರಿಗೆ ಹಂಚುವಿರಿ. ಅದರ ಜೊತೆಗೆ ಈ ಪಾಠವನ್ನೂ ಹಂಚಿರಿ.

ಶ್ರೀ ಮಾಲತೇಶಸ್ವಾಮಿ, ತಾಯಿ ಗಂಗಮಾಳವ್ವ ನಿಮ್ಮ ಹೊಲ, ಮನೆ, ದನಕರು, ಮಕ್ಕಳು ಮರಿಗಳನ್ನು ಕಾಯಲಿ.

ಏಳುಕೋಟಿ ಏಳುಕೋಟಿ! ಶುಭಂ ಭೂಯಾತ್.